ಜಿಪ್ಸಿಯ ಫೈರ್‌ವಾಲ್‌ಗೆ ತೂತು ಹೊಡೆಯೋದಾ, ಬೇಡ್ವಾ? ಮಳೆಗೆ ಮುಂಚೆ ಫಾಗ್ ಲೈಟ್ ಹಾಕಬೇಕು

ಬಣಕಲ್ ಜಿಪ್ಸಿ
ಮೇ 11, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಊರು ಮೂಡಿಗೆರೆ ತಾಲೂಕು, ಬಣಕಲ್ ಹತ್ತಿರ. ಒಂಬತ್ತು ಎಕರೆ ತೋಟ, ಮುಕ್ಕಾಲು ಪಾಲು ರೊಬಸ್ಟಾ. ಗಾಡಿ 2008ರ ಮಾರುತಿ ಜಿಪ್ಸಿ, ಕ್ಯಾನ್ವಾಸ್ ಟಾಪ್. ನಾನು ಮೂರನೇ ಓನರ್. ಇಂಜಿನ್ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ, ಬೆಳಕಿನ ಬಗ್ಗೆ ಮಾತ್ರ ಆಡಬೇಕು.

ಹೆಂಡತಿಯ ತವರು ಬೆಳ್ತಂಗಡಿ. ತಿಂಗಳಿಗೆ ಎರಡು ಸಲವಾದರೂ ಚಾರ್ಮಾಡಿ ಇಳಿದು ಹತ್ತುತ್ತೇವೆ. ಜೂನ್ ಶುರುವಾದರೆ ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹೆಡ್‌ಲೈಟ್ ಹೈ ಬೀಮ್ ಹಾಕಿದರೆ ಎದುರಿಗೆ ಬಿಳೀ ಪಂಚೆ ಒಣಹಾಕಿದ ಹಾಗೆ ಕಾಣುತ್ತದೆ. ಕಳೆದ ವರ್ಷ ಆಗಸ್ಟ್‌ನಲ್ಲಿ ಒಂದು ತಿರುವಿನಲ್ಲಿ ನನ್ನ ಹೆಂಡತಿ ಎಡಗಡೆ ಇಣುಕಿ ರಸ್ತೆಯ ಬಿಳೀ ಗೆರೆ ನೋಡಿ ನೋಡಿ ಹೇಳುತ್ತಾ ಹೋದಳು, ನಾನು ಅದನ್ನು ನಂಬಿ ಸ್ಟೇರಿಂಗ್ ತಿರುಗಿಸುತ್ತಾ ಹೋದೆ. ಇನ್ನೊಂದು ಸಲ ಆ ಥರ ಬೇಡ.

ಅದಕ್ಕೆ ಸಾಮಾನು ತಂದಿಟ್ಟಿದ್ದೇನೆ. 55 ವ್ಯಾಟಿನ ಹಳದಿ ಫಾಗ್ ಲ್ಯಾಂಪ್ ಎರಡು. 120 ವ್ಯಾಟಿನ ಎಲ್‌ಇಡಿ ಬಾರ್ ಒಂದು, ಅದು ತೋಟದ ದಾರಿಗೆ, ರಾತ್ರಿ ಆನೆ ನಿಂತಿದ್ದರೆ ದೂರದಿಂದಲೇ ಗೊತ್ತಾಗಲಿ ಅಂತ. ಫೋನ್ ಚಾರ್ಜಿಗೆ ಒಂದು ಯುಎಸ್‌ಬಿ ಸಾಕೆಟ್. ಮಗನ ಹಠಕ್ಕೆ ಒಂದು ಆಂಪ್ಲಿಫೈಯರ್ ಕೂಡ ಬಂದಿದೆ. ನಗಬೇಡಿ.

ಈಗ ಪ್ರಶ್ನೆ. ಇಷ್ಟು ವೈರನ್ನು ಇಂಜಿನ್ ಕಡೆಯಿಂದ ಫೈರ್‌ವಾಲ್ (ಇಂಜಿನ್‌ಗೂ ನಾವು ಕೂರುವ ಜಾಗಕ್ಕೂ ಮಧ್ಯದ ತಗಡಿನ ಗೋಡೆ) ದಾಟಿಸಿ ಒಳಗೆ ತರಬೇಕಲ್ಲ. ಚಿಕ್ಕಮಗಳೂರಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ. "ಫೈರ್‌ವಾಲ್‌ಗೆ 12 ಎಂಎಂ ಬಿಟ್ಟಲ್ಲಿ ಒಂದು ತೂತು ಹೊಡೆದರೆ ಆಯಿತು ಸಾರ್, ಹತ್ತು ನಿಮಿಷದ ಕೆಲಸ" ಅಂದರು. ಹತ್ತು ನಿಮಿಷ ಅಂದಿದ್ದಕ್ಕೇ ನನಗೆ ಭಯವಾಗಿ ಗಾಡಿ ವಾಪಸ್ ತಂದೆ. ಡ್ರಿಲ್ಲಿಂಗ್ ಮಷಿನ್ ಮನೆಯಲ್ಲೇ ಇದೆ, ಪಲ್ಪರ್ ಶೆಡ್ಡಿಗೆ ಅಂತ ತಂದಿದ್ದು. ನಾನೇ ಮಾಡಬಹುದಾ? ಎಲ್ಲಿ ಹೊಡೆಯಬೇಕು, ಎಷ್ಟು ದೊಡ್ಡದು, ಹಿಂದೆ ಏನಿರುತ್ತದೆ? ಮಾಡಿದವರು ಹೇಳಿ.

ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ. ಮಳೆಗಾಲ ಪೂರ್ತಿ ಎಡಗಡೆ ಸೀಟಿನ ಕಾಲಡಿ ಮ್ಯಾಟ್ ಒದ್ದೆ. ಮುಂದಿನ ಗ್ಲಾಸಿನ ರಬ್ಬರ್ ಬೀಡಿಂಗ್ ಹೊಸದು ಹಾಕಿಸಿದೆ. 1,800 ರೂಪಾಯಿ ಹೋಯಿತು, ನೀರು ಹೋಗಲಿಲ್ಲ. ಕ್ಯಾನ್ವಾಸಿಂದ ಬರುತ್ತಿದೆ ಅಂತ ಎಲ್ಲರೂ ಹೇಳುತ್ತಾರೆ.


ಹೇಮಾವತಿ ದಡ
ಮೇ 11, ರಾತ್ರಿ 10:25

ಮಾರಾಯ್ರೇ, ವಾಪಸ್ ತಂದಿದ್ದು ಒಳ್ಳೇದೇ ಆಯಿತು.

ನನ್ನದು ಸಕಲೇಶಪುರ. ಹಳೇ ಡೀಸೆಲ್ ಜೀಪಿಗೆ ಇದೇ ಥರ ಎರಡು ಲ್ಯಾಂಪ್ ಹಾಕಿಸಿದ್ದೆ. ಎಲ್ಲಿ ಅಂತ ಹೇಳುವುದಿಲ್ಲ, ಅವರು ಪಾಪ ಈಗಲೂ ಅಂಗಡಿ ಇಟ್ಟುಕೊಂಡಿದ್ದಾರೆ. ತೂತು ಹೊಡೆದರು, ವೈರ್ ತೂರಿಸಿದರು, ಕಪ್ಪು ಟೇಪ್ ಸುತ್ತಿದರು, ಕಾಸು ತಗೊಂಡರು. ಲೈಟ್ ಜೋರಾಗಿ ಉರಿಯಿತು, ನಾನೂ ಖುಷಿ.

ಒಂದು ಮಳೆಗಾಲ ಕಳೆಯಿತು. ಶಿರಾಡಿ ಇಳಿಯೋಣ ಅಂತ ಹೊರಟಿದ್ದೆ, ದೋಣಿಗಾಲ್ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹಿಂದಿನ ಲಾರಿಯದು ಅಂದುಕೊಂಡೆ. ಆಮೇಲೆ ಕಾಲ ಹತ್ತಿರ ಹೊಗೆ. ಸ್ವಿಚ್ ಆಫ್ ಮಾಡಿದೆ, ಹೊಗೆ ನಿಲ್ಲಲಿಲ್ಲ. ಕೀ ತೆಗೆದೆ, ನಿಲ್ಲಲಿಲ್ಲ. ಬಾನೆಟ್ ಎತ್ತಿ ಹತ್ತನೇ ನಂಬರ್ ಸ್ಪ್ಯಾನರ್ ಹುಡುಕುವಷ್ಟರಲ್ಲಿ ಬ್ಯಾಟರಿಯಿಂದ ಬರುವ ವೈರ್ ಪೂರ್ತಿ ಮೆತ್ತಗಾಗಿ ನೂಡಲ್ಸ್ ಆಗಿತ್ತು. ಸ್ಪ್ಯಾನರ್ ಸಿಗಲಿಲ್ಲ, ಕೈಯಲ್ಲೇ ಟರ್ಮಿನಲ್ ಅಲ್ಲಾಡಿಸಿ ಕಿತ್ತೆ. ಎಡ ಅಂಗೈಯಲ್ಲಿ ಗೆರೆ ಇನ್ನೂ ಇದೆ.

ಬೆಳಗ್ಗೆ ನೋಡಿದರೆ ತೂತಿಗೆ ರಬ್ಬರ್ರೇ ಹಾಕಿಲ್ಲ. ತಗಡಿನ ಅಂಚು ಬ್ಲೇಡ್ ಥರ. ಜೀಪ್ ಅಲ್ಲಾಡಿ ಅಲ್ಲಾಡಿ ಆ ಅಂಚು ವೈರಿನ ಪ್ಲಾಸ್ಟಿಕ್ಕನ್ನು ಗರಗಸದ ಹಾಗೆ ಕುಯ್ದಿದೆ. ಒಳಗಿನ ತಾಮ್ರ ತಗಡಿಗೆ ತಾಗಿ ಅಲ್ಲೇ ವೆಲ್ಡ್ ಆದಂತೆ ಅಂಟಿಕೊಂಡಿತ್ತು. ಬ್ಯಾಟರಿ ಹತ್ತಿರ ಫ್ಯೂಸ್ ಹಾಕಿರಲಿಲ್ಲ. ಫ್ಯೂಸ್ ಇತ್ತು, ಆದರೆ ಒಳಗೆ ಸ್ವಿಚ್ ಪಕ್ಕದಲ್ಲಿ. ತೂತು ದಾಟಿದ ಮೇಲೆ ಫ್ಯೂಸ್ ಇಟ್ಟು ಏನು ಪ್ರಯೋಜನ?

ತೂತು ಹೊಡೆಯಿರಿ, ಬಿಡಿ. ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ) ಇಲ್ಲದೆ ಮಾತ್ರ ಒಂದು ವೈರನ್ನೂ ತೂರಿಸಬೇಡಿ.

ಮತ್ತೆ ಆ ಎಲ್‌ಇಡಿ ಬಾರ್ ವಿಷಯ. ಆನೆ ಕಂಡರೆ ಅದರ ಮುಖಕ್ಕೆ ಲೈಟ್ ಹಾಕಿಕೊಂಡು ನಿಲ್ಲಬೇಡಿ, ಹಾರನ್ನೂ ಬೇಡ. ನಮ್ಮ ಕಡೆ ಆಲೂರು, ಸಕಲೇಶಪುರದಲ್ಲಿ ಇದು ದಿನಾ ನೋಡುವ ಕತೆ. ಲೈಟ್ ಇಳಿಸಿ ರಿವರ್ಸ್ ತಗೊಂಡು ಸುಮ್ನೆ ದಾರಿ ಬಿಟ್ಟುಕೊಡುವುದೇ ವಾಸಿ.


ಆಲ್ದೂರು ಹುಡುಗ
ಮೇ 12, ಬೆಳಗ್ಗೆ 7:10

ಅಣ್ಣ, ಕ್ಯಾನ್ವಾಸ್ ಜಿಪ್ಸಿಗೆ ಆಂಪಾ? ನಿಮ್ಮ ಹಾಡನ್ನು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವವರು ಕೇಳುತ್ತಾರೆ, ನಿಮಗೆ ಕೇಳುವುದು ಗಾಳಿ ಸದ್ದು ಮಾತ್ರ.

ತೂತು ಯಾಕೆ ಬೇಕು ಅಂತ ನನ್ನ ಪ್ರಶ್ನೆ. ಕಂಪನಿಯವರೇ ಬೇಕಾದಷ್ಟು ತೂತು ಕೊಟ್ಟಿರುತ್ತಾರೆ. ಮೇನ್ ಹಾರ್ನೆಸ್ (ಗಾಡಿಯ ವೈರುಗಳ ಕಟ್ಟು) ಬರುವ ದೊಡ್ಡ ರಬ್ಬರ್, ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಬಾನೆಟ್ ಎಳೆಯುವ ಕೇಬಲ್. ಯಾವುದಾದರೂ ಒಂದರ ಪಕ್ಕದಲ್ಲಿ ಸಣ್ಣ ವೈರ್ ತೂರುತ್ತದೆ. ನನ್ನ ಕಾರಿನಲ್ಲಿ ಹಾರ್ನೆಸ್ ರಬ್ಬರಿನಲ್ಲೇ ಒಂದು ಮುಚ್ಚಿದ ಮೊಲೆತೊಟ್ಟಿನ ಥರದ್ದು ಇತ್ತು, ತುದಿ ಕತ್ತರಿಸಿದರೆ ವೈರಿಗೆ ದಾರಿ. ಸೋಪಿನ ನೀರು ಹಚ್ಚಿ, ಹಳೇ ಕೊಡೆಯ ಕಡ್ಡಿಗೆ ವೈರ್ ಕಟ್ಟಿ ಎಳೆದೆ. ಅಜ್ಜಿ ಕೊಡೆ ಹುಡುಕಿದ್ದು ಬೇರೆ ಕತೆ.

ರಿಮೋಟ್ ಸ್ವಿಚ್ ಕಿಟ್ ಅಂತ ಸಿಗುತ್ತದೆ, ಒಳಗೆ ವೈರೇ ಬೇಡ ಅಂತಾರೆ. ತಗೋಬೇಡಿ. ನನ್ನದು ಬಾಕ್ಸ್ ಒಳಗೆ ನೀರು ಹೋಗಿ, ಕೆಂಗೇರಿ ಹತ್ತಿರ ಟ್ರಾಫಿಕ್‌ನಲ್ಲಿ ಹಗಲು ಹೊತ್ತೇ ಲೈಟ್ ತಾನಾಗಿ ಹತ್ತಿತು. ಮುಂದಿನ ಆಟೋದವರು ಇಳಿದು ಬಂದರು.


ಹಾಸನದ ವೈರ್‌ಮನ್
ಮೇ 12, ರಾತ್ರಿ 11:05

ಅಂಗಡಿ ಬಾಗಿಲು ಹಾಕಿ ಈಗ ಕೂತೆ. ಹಾಸನದ ಬಿ.ಎಂ. ರಸ್ತೆಯಲ್ಲಿ 22 ವರ್ಷದಿಂದ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ಬಣಕಲ್ ಅವರೇ, ತೂತು ಎಲ್ಲಿ ಅಂತ ಕೇಳುವುದಕ್ಕೆ ಮುಂಚೆ ಒಳಗೆ ಏನು ಬರಬೇಕು ಅಂತ ಲೆಕ್ಕ ಹಾಕಿ. ಜನ ಇಲ್ಲೇ ತಪ್ಪುವುದು. ಬ್ಯಾಟರಿ ಇರುವುದು ಇಂಜಿನ್ ಕಡೆ. ಲೈಟ್ ಇರುವುದೂ ಮುಂದೆ. ಮಧ್ಯದಲ್ಲಿ ಆ ದಪ್ಪ ಕರೆಂಟನ್ನು ಡ್ಯಾಶ್‌ಬೋರ್ಡಿಗೆ ಕರ್ಕೊಂಡು ಬಂದು ಸ್ವಿಚ್ ತೋರಿಸಿ ವಾಪಸ್ ಕಳಿಸುವುದು ಯಾಕೆ? ಮೂಡಿಗೆರೆಯಿಂದ ಬೇಲೂರಿಗೆ ಹೋಗುವವನು ಮಂಗಳೂರು ನೋಡಿಕೊಂಡು ಬಂದ ಹಾಗಾಯಿತು.

ರಿಲೇ ಹಾಕಿ, ಅಂದರೆ ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ರಿಲೇ ಇಂಜಿನ್ ಕಡೆಯೇ ಇರಲಿ. ಬ್ಯಾಟರಿ ಪ್ಲಸ್‌ನಿಂದ ಹೊರಟ ವೈರಿಗೆ ಒಂದು ಅಡಿಯೊಳಗೇ ಫ್ಯೂಸ್. ಅಲ್ಲಿಂದ ರಿಲೇಯ 30ನೇ ಪಿನ್‌ಗೆ. 87ನೇ ಪಿನ್‌ನಿಂದ ಲ್ಯಾಂಪಿಗೆ. 85 ಬಾಡಿ ಅರ್ತ್. ಉಳಿದಿದ್ದು 86, ಅದೊಂದೇ ಒಳಗೆ ಸ್ವಿಚ್‌ಗೆ ಬರುವುದು. ಆ ರಿಲೇ ಕಾಯಿಲ್ ಎಳೆಯುವುದು ಕಾಲು ಆಂಪಿಯರ್‌ಗಿಂತ ಕಮ್ಮಿ. 0.75 ಚದರ ಎಂಎಂ ವೈರ್ ಬೇಕಾದಷ್ಟಾಯಿತು. ಸ್ವಿಚ್‌ಗೆ ಪ್ಲಸ್ ಅನ್ನು ಒಳಗಿನ ಪಾರ್ಕ್ ಲೈಟ್ ಲೈನಿಂದಲೇ ತಗೊಳ್ಳಿ. ಪಾರ್ಕ್ ಲೈಟ್ ಆನ್ ಇಲ್ಲದಿದ್ದರೆ ಫಾಗ್ ಲ್ಯಾಂಪ್ ಹತ್ತುವುದಿಲ್ಲ, ಮರೆತು ಬ್ಯಾಟರಿ ಇಳಿಸಿಕೊಳ್ಳುವ ರಗಳೆಯೂ ಇಲ್ಲ.

ಫಾಗ್ ಲ್ಯಾಂಪ್ ಎರಡೂ ಸೇರಿ 110 ವ್ಯಾಟ್. 12ರಿಂದ ಭಾಗಿಸಿ, 9 ಆಂಪಿಯರ್ ಚಿಲ್ಲರೆ. ಫ್ಯೂಸ್ 15 ಆಂಪಿಯರ್, ವೈರ್ 2.5 ಚದರ ಎಂಎಂ. ಎಲ್‌ಇಡಿ ಬಾರ್ 10 ಆಂಪಿಯರ್, ಅದಕ್ಕೆ ಬೇರೆ ರಿಲೇ, ಬೇರೆ 15ರ ಫ್ಯೂಸ್. ಫ್ಯೂಸ್ ಲ್ಯಾಂಪ್ ಕಾಯುವುದಕ್ಕೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ಅದಕ್ಕೇ ಬ್ಯಾಟರಿ ಪಕ್ಕದಲ್ಲಿರಬೇಕು. ಸಕಲೇಶಪುರದವರು ಹೇಳಿದ್ದು ಅಕ್ಷರಶಃ ನಿಜ, ಆ ಥರ ಬೆಂದ ಹಾರ್ನೆಸ್ ನಮ್ಮ ಅಂಗಡಿಗೆ ಪ್ರತಿ ಮಳೆಗಾಲ ಬರುತ್ತದೆ.

ಯುಎಸ್‌ಬಿ ಸಾಕೆಟ್‌ಗೆ ಫೈರ್‌ವಾಲ್ ದಾಟಬೇಕಾಗಿಯೇ ಇಲ್ಲ, ಒಳಗಿನ ಫ್ಯೂಸ್ ಬಾಕ್ಸಿಂದ ತಗೊಳ್ಳಿ. ಹಾಗಾದರೆ ಒಳಗೆ ಬರಬೇಕಾದ್ದು ಎಷ್ಟು? ಎರಡು ಸಣ್ಣ ವೈರ್. ಎರಡೂ ಸೇರಿದರೆ ಪೆನ್ಸಿಲ್‌ನಷ್ಟೂ ದಪ್ಪ ಇಲ್ಲ. ಅದಕ್ಕೆ ಆಲ್ದೂರಿನವರು ಹೇಳಿದ ಹಾಗೆ ಇರುವ ರಬ್ಬರೇ ಸಾಕು. ಒಂದೇ ಮಾತು, ಸ್ಕ್ರೂಡ್ರೈವರ್ ಹಾಕಿ ಚುಚ್ಚಬೇಡಿ. ಹೋದ ತಿಂಗಳು ಒಬ್ಬ ಹುಡುಗ ಹಾಗೆ ಚುಚ್ಚಿ ಒಳಗಿನ ಹಾರ್ನೆಸ್ಸಿನ ವೈರನ್ನೇ ಸೀಳಿಕೊಂಡು ಬಂದ. ಕ್ಲಚ್ ಕೇಬಲ್ ಪಕ್ಕದಲ್ಲಿ ತೂರಿಸುವುದು ನನಗೆ ಇಷ್ಟವಿಲ್ಲ. ಆ ಕೇಬಲ್ ದಿನಕ್ಕೆ ಸಾವಿರ ಸಲ ಹಿಂದೆ ಮುಂದೆ ಆಡುತ್ತದೆ, ವೈರನ್ನು ಉಜ್ಜುತ್ತದೆ.

ಆಂಪ್ ಮಾತ್ರ ನಿಜವಾದ ತಲೆನೋವು. ಅದಕ್ಕೆ ಬ್ಯಾಟರಿಯಿಂದ ಕಿರುಬೆರಳು ಗಾತ್ರದ ಕೇಬಲ್ ಬರಬೇಕು. ಅದಕ್ಕೆ ತೂತು ಬೇಕೇ ಬೇಕು. ಮಗನಿಗೆ ಹೇಳಿ, ಆಂಪ್ ಬೇಡ ಅಂದರೆ ತೂತೂ ಬೇಡ.

ಆದರೂ ಹೊಡೆಯಲೇಬೇಕು ಅಂದರೆ ಹೀಗೆ ಮಾಡಿ. ಬ್ಯಾಟರಿ ಮೈನಸ್ ಮೊದಲು ಬಿಚ್ಚಿ. ಜಾಗ ಗುರುತು ಹಾಕುವ ಮುಂಚೆ ಎರಡೂ ಕಡೆ ಟಾರ್ಚ್ ಬಿಟ್ಟು ನೋಡಿ. ಬಲಗಡೆ ಬ್ರೇಕ್ ಬೂಸ್ಟರ್, ಮಾಸ್ಟರ್ ಸಿಲಿಂಡರ್, ಪೆಡಲ್, ಸ್ಟೇರಿಂಗ್ ರಾಡ್ ಇರುತ್ತದೆ, ಆ ಕಡೆ ತಲೆ ಹಾಕಲೇಬೇಡಿ. ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎಲ್ಲಿ ಓಡುತ್ತದೆ ಅಂತ ಬೆರಳಲ್ಲಿ ಮುಟ್ಟಿ ನೋಡಿ, ಕಣ್ಣನ್ನು ನಂಬಬೇಡಿ. ಒಳಗಡೆ ಮ್ಯಾಟನ್ನೂ ಅದರ ಹಿಂದಿನ ಗೋಣಿ ಥರದ್ದನ್ನೂ ಬಿಡಿಸಿ ಪಕ್ಕಕ್ಕೆ ಕಟ್ಟಿ. ಅದರ ಮೇಲೆ ಡ್ರಿಲ್ ಬಿಟ್ಟರೆ ನಾರು ಬಿಟ್ಟಿಗೆ ಸುತ್ತಿಕೊಂಡು ಕ್ಷಣದಲ್ಲಿ ಕೈ ತಿರುಚುತ್ತದೆ. ನನ್ನ ಬಲ ಮಣಿಕಟ್ಟು ಚಳಿಗಾಲದಲ್ಲಿ ಈಗಲೂ ನೋಯುವುದು ಅದರಿಂದಲೇ.

ತಗಡು ಹೆಚ್ಚು ಕಮ್ಮಿ ಒಂದು ಮಿಲಿಮೀಟರ್. ಬಿಟ್ ಪಟ್ಟನೆ ಆಚೆ ನುಗ್ಗುತ್ತದೆ. ಅದಕ್ಕೆ ಒಂದು ಮರದ ತುಂಡಿಗೆ ತೂತು ಮಾಡಿ ಬಿಟ್ಟಿಗೆ ಪೋಣಿಸಿ, ತುದಿ ಒಂದು ಸೆಂಟಿಮೀಟರ್ ಮಾತ್ರ ಹೊರಗೆ ಬರಲಿ. ಪಂಚ್ ಹೊಡೆದು, ಮೊದಲು 3 ಎಂಎಂ, ಆಮೇಲೆ ಸ್ಟೆಪ್ ಬಿಟ್ (ಮೆಟ್ಟಿಲು ಮೆಟ್ಟಿಲಾಗಿ ದಪ್ಪ ಆಗುವ ಬಿಟ್). ಬಿಟ್ಟಿಗೆ ಗ್ರೀಸ್ ಹಚ್ಚಿದರೆ ಕಬ್ಬಿಣದ ಪುಡಿ ಅದಕ್ಕೇ ಅಂಟುತ್ತದೆ. ಉಳಿದ ಪುಡಿಯನ್ನು ಹಳೇ ಸ್ಪೀಕರ್ ಮ್ಯಾಗ್ನೆಟ್‌ನಲ್ಲಿ ಎತ್ತಿಬಿಡಿ. ಬಿಟ್ಟರೆ ಮೂರನೇ ಮಳೆಗೆ ಪೇಂಟ್ ಮೇಲೆಲ್ಲ ಕೆಂಪು ಚುಕ್ಕೆ.

ಗ್ರಾಮೆಟ್ ಮೊದಲು ಕೊಳ್ಳಿ, ಬಿಟ್ ಆಮೇಲೆ. ತಗಡಿನ ತೂತು ಗ್ರಾಮೆಟ್ಟಿನ ಸೊಂಟದ (ತಗಡು ಕೂರುವ ಕಚ್ಚಿನ) ಅಳತೆಗೆ ಇರಬೇಕು, ವೈರಿನ ಅಳತೆಗಲ್ಲ. ಅಂಗಡಿಗೆ ಬರುವ ಹತ್ತು ಗಾಡಿಯಲ್ಲಿ ಏಳೆಂಟು ಈ ತಪ್ಪೇ.

ಕೊನೆಗೆ ನನಗೆ ಬೇರೆಯದೇ ಅನುಮಾನ. ಎಡಗಡೆ ಮ್ಯಾಟ್ ಒದ್ದೆ ಅಂದಿರಲ್ಲ. ನೀವು ಮೂರನೇ ಓನರ್. ಕ್ಯಾನ್ವಾಸಿಂದ ಸೋರಿದರೆ ಸೀಟೂ ನೆನೆಯಬೇಕು. ಸೀಟ್ ನೆನೆಯುತ್ತದಾ?


ಬಣಕಲ್ ಜಿಪ್ಸಿ
ಮೇ 13, ಬೆಳಗ್ಗೆ 6:15

ಇಲ್ಲ ಸಾರ್. ಸೀಟ್ ಒಣಗಿಯೇ ಇರುತ್ತದೆ. ಮ್ಯಾಟ್ ಮಾತ್ರ. ಹೆಂಡತಿ ಕಾಲಿಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕೂರುತ್ತಾಳೆ, ತವರಿಗೆ ಹೋಗುವಾಗಲೂ.


ಹಾಸನದ ವೈರ್‌ಮನ್
ಮೇ 13, ಬೆಳಗ್ಗೆ 8:50

ಎಡಗಡೆ ಮ್ಯಾಟ್ ಪೂರ್ತಿ ಎತ್ತಿ. ಹಿಂದಿನ ಗೋಣಿಯನ್ನೂ ಎಳೆಯಿರಿ. ಒಬ್ಬರು ಒಳಗೆ ಮಲಗಿ ನೋಡಿ, ಒಬ್ಬರು ಬಾನೆಟ್ ಎತ್ತಿ ಇಂಜಿನ್ ಕಡೆಯಿಂದ ಟಾರ್ಚ್ ಬಿಡಿ. ಬೆಳಕು ಬಂದ ಕಡೆಯಿಂದಲೇ ನೀರೂ ಬರುತ್ತಿದೆ. ಸಂಜೆ ಫೋಟೋ ಹಾಕಿ.


ಬಣಕಲ್ ಜಿಪ್ಸಿ
ಮೇ 14, ರಾತ್ರಿ 8:30

ಸಾರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು.

ನಿನ್ನೆ ಸಂಜೆ ಮಗ ಒಳಗೆ ಮಲಗಿದ, ನಾನು ಟಾರ್ಚ್ ಹಿಡಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಅವನೇ "ಅಪ್ಪಾ, ಇಲ್ಲೊಂದು ಬಟ್ಟೆ ಇದೆ" ಅಂದ. ಡ್ಯಾಶ್‌ಬೋರ್ಡಿನ ಕೆಳಗೆ, ಎಡಗಡೆ ಮೂಲೆಯಲ್ಲಿ, ಗೋಣಿಯ ಹಿಂದೆ ಮುಚ್ಚಿಕೊಂಡಿತ್ತು. ಎಳೆದರೆ ಒಂದು ಗೇಣು ಬಂತು. ಯಾರದೋ ಹಳೇ ನೀಲಿ ಬನಿಯನ್, ಎಂ-ಸೀಲ್‌ನಲ್ಲಿ ಅದ್ದಿ ತುರುಕಿದ್ದಾರೆ. ಎಂ-ಸೀಲ್ ಒಡೆದು ಪುಡಿಯಾಗಿದೆ, ಬನಿಯನ್ ದೀಪದ ಬತ್ತಿಯ ಥರ ಆಚೆ ನೀರನ್ನು ಈಚೆ ಎಳೆಯುತ್ತಿದೆ. ಹಿಂಡಿದರೆ ಮೇ ತಿಂಗಳಲ್ಲೂ ನೀರು ಬಂತು, ಹೋದ ವಾರದ ಮಳೆಯದು.

ಬಟ್ಟೆ ತೆಗೆದ ಮೇಲೆ ತೂತು ಕಂಡಿತು. ಅಡ್ಡಾದಿಡ್ಡಿ, ಬಿಟ್ಟಲ್ಲಿ ಹೊಡೆದದ್ದಲ್ಲ, ಉಳಿಯಲ್ಲಿ ಕುಟ್ಟಿದ್ದು. 15 ಎಂಎಂ ಇರಬಹುದು. ಅದರಲ್ಲಿ ತುಂಡಾದ ಒಂದು ಕೆಂಪು ವೈರ್ ಇನ್ನೂ ನೇತಾಡುತ್ತಿದೆ. ಮುಂಚಿನ ಓನರ್ ಏನು ಹಾಕಿಸಿದ್ದರೋ, ಬಿಚ್ಚಿಕೊಂಡು ಹೋಗಿದ್ದಾರೆ. ಸುತ್ತ ಒಂದು ರೂಪಾಯಿ ನಾಣ್ಯದಗಲ ತುಕ್ಕು. ಕೆಳಗಿನ ಫ್ಲೋರ್ ತಗಡಿನಲ್ಲೂ ಗುಳ್ಳೆ ಎದ್ದಿದೆ. ಫೋಟೋ ಹಾಕಿದ್ದೇನೆ.

1,800 ಕೊಟ್ಟು ಗ್ಲಾಸಿಗೆ ಬೀಡಿಂಗ್ ಹಾಕಿಸಿದೆನಲ್ಲ ಸಾರ್.

ಈಗ ಏನು ಮಾಡಲಿ? ಈ ತೂತು ಮುಚ್ಚಿ ಬೇರೆ ಹೊಡೆಯಲಾ?


ಹಾಸನದ ವೈರ್‌ಮನ್
ಮೇ 14, ರಾತ್ರಿ 11:20

ಫೋಟೋ ನೋಡಿದೆ. ಬೇರೆ ಯಾಕೆ ಹೊಡೆಯುತ್ತೀರಿ, ದೇವರೇ ಕೊಟ್ಟಿದ್ದಾನೆ.

ಮೊದಲು ಆ ಕೆಂಪು ವೈರ್ ಎಲ್ಲಿಗೆ ಹೋಗಿದೆ ಅಂತ ಹಿಡಿದುಕೊಂಡು ಹೋಗಿ. ಇನ್ನೊಂದು ತುದಿ ಬ್ಯಾಟರಿಯಲ್ಲೇ ಇದ್ದರೆ ಇಷ್ಟು ದಿನ ನಿಮ್ಮ ಗಾಡಿ ಸುಟ್ಟಿಲ್ಲ ಅನ್ನುವುದು ಕೊಟ್ಟಿಗೆಹಾರದ ದೇವರ ಕೃಪೆ.

ತುಕ್ಕನ್ನು 80ರ ಎಮರಿ ಪೇಪರ್ ಹಾಕಿ ಬೆಳ್ಳಿ ತಗಡು ಕಾಣುವವರೆಗೆ ಉಜ್ಜಿ. ಸ್ಟೆಪ್ ಬಿಟ್‌ನಲ್ಲಿ ತೂತನ್ನು 20 ಎಂಎಂಗೆ ಗುಂಡಗೆ ಮಾಡಿ, ಅಡ್ಡಾದಿಡ್ಡಿ ಅಂಚೆಲ್ಲ ಅದರಲ್ಲೇ ಹೋಗುತ್ತದೆ. ದುಂಡು ಅರದಲ್ಲಿ ಎರಡೂ ಕಡೆ ಅಂಚು ತೀಡಿ, ಬೆರಳು ಸುತ್ತ ಆಡಿಸಿದರೆ ಕುಯ್ಯಬಾರದು. ಜಿಂಕ್ ಕ್ರೋಮೇಟ್ ಪ್ರೈಮರ್ ಎರಡು ಕೋಟ್, ಮೇಲೆ ಪೇಂಟ್. ಒಂದು ರಾತ್ರಿ ಒಣಗಲಿ. ಈ ಕೆಲಸದಲ್ಲಿ ಆತುರ ಮಾಡುವವರು ಇಲ್ಲೇ ಮಾಡುವುದು, ಹಸಿ ಪೇಂಟ್ ಮೇಲೆ ರಬ್ಬರ್ ಒತ್ತಿಬಿಡುತ್ತಾರೆ.

20ರ ಸೊಂಟ ಇರುವ, ಮಧ್ಯೆ ಮುಚ್ಚಿದ ಗ್ರಾಮೆಟ್ ಕೇಳಿ. ಅದರ ಮಧ್ಯಕ್ಕೆ ಕಾದ ಮೊಳೆಯಲ್ಲಿ ಸಣ್ಣ ತೂತು ಮಾಡಿ, ವೈರ್ ಬಿಗಿಯಾಗಿ ಹೋಗಲಿ. ಸುತ್ತ ಸಿಲಿಕಾನ್ ಹಾಕುವುದಾದರೆ ಬಾತ್‌ರೂಮಿಗೆ ಹಾಕುವ, ಹುಳಿ ವಾಸನೆಯದು ಬೇಡ. ಅದರ ಆಸಿಡ್ ತಗಡನ್ನೂ ತಾಮ್ರವನ್ನೂ ತಿನ್ನುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕಾನ್ ಅಂತ ಕೇಳಿ.

ಇಂಜಿನ್ ಕಡೆಯಿಂದ ವೈರ್ ಮೇಲಿಂದ ಇಳಿದು ನೇರ ತೂತಿಗೆ ಬರಬಾರದು. ತೂತಿಗಿಂತ ಕೆಳಗೆ ಇಳಿದು, ಜೋಕಾಲಿ ಥರ ಬಾಗಿ, ಮತ್ತೆ ಮೇಲೆ ಹತ್ತಿ ಒಳಗೆ ಹೋಗಬೇಕು. ವೈರ್ ಮೇಲೆ ಹರಿದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಮಲೆನಾಡಿನ ಗಾಡಿಗೆ ಗ್ರಾಮೆಟ್‌ನಷ್ಟೇ ಇದೂ ಮುಖ್ಯ. ಒಳಗಡೆ ಪೆಡಲ್ ಕಡೆಗೆ ಒಂದು ಇಂಚೂ ವೈರ್ ನೇತಾಡಬಾರದು, ಅರ್ಧ ಅಡಿಗೊಂದು ಟೈ ಹಾಕಿ.


ಹೇಮಾವತಿ ದಡ
ಮೇ 15, ಬೆಳಗ್ಗೆ 6:50

ಅಣ್ಣ, ಸ್ಲೀವ್ ಹಾಕಿ. ಕರಿ ಬಣ್ಣದ ಸುಕ್ಕು ಪೈಪ್ ಸಿಗುತ್ತದಲ್ಲ. ಇಲ್ಲದಿದ್ದರೆ ಇಲಿ ಬಿಡುವುದಿಲ್ಲ. ನಮ್ಮ ಶೆಡ್ಡಲ್ಲಿ ಇಲಿಗೆ ವೈರೇ ಬೇಕು, ಪಕ್ಕದಲ್ಲಿರುವ ಭತ್ತ ಬೇಡ. ನಮ್ಮ ಚಿಕ್ಕಪ್ಪ ಅರಕಲಗೂಡು ಕಡೆಯಿಂದ ಹೊಗೆಸೊಪ್ಪು ತಂದು ಬ್ಯಾಟರಿ ಪಕ್ಕ ಕಟ್ಟುತ್ತಾರೆ. ಕೆಲಸ ಮಾಡುತ್ತದೋ ಇಲ್ಲವೋ, ಬಾನೆಟ್ ಎತ್ತಿದರೆ ನಮಗೇ ಸೀನು.


ಆಲ್ದೂರು ಹುಡುಗ
ಮೇ 15, ಮಧ್ಯಾಹ್ನ 1:15

ಇನ್ನೊಂದು. ಎಲ್‌ಇಡಿ ಬಾರ್ ಅನ್ನು ರಸ್ತೆಯಲ್ಲಿ ಹಾಕಬೇಡಿ ಅಣ್ಣ. ಎದುರು ಬರುವವರಿಗೆ ಕಣ್ಣು ಕುರುಡಾಗುತ್ತದೆ, ಪೊಲೀಸರು ಹಿಡಿದರೂ ತಪ್ಪು ನಮ್ಮದೇ. ಮಂಜಿಗೂ ಅದು ನಿಷ್ಪ್ರಯೋಜಕ, ಮೇಲೆ ಇಟ್ಟಷ್ಟೂ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಹಳದಿ ಲ್ಯಾಂಪನ್ನೂ ಬಂಪರ್ ಮಟ್ಟದಲ್ಲಿ ಕೆಳಗೆ ಕೂರಿಸಿ. ಬಣ್ಣಕ್ಕಿಂತ ಎತ್ತರ ಮುಖ್ಯ. ಮತ್ತೆ ಇನ್ಶೂರೆನ್ಸ್ ಕಂಪನಿಗೆ ಒಂದು ಮಾತು ಹೇಳಿಡಿ, ಮುಂದೆ ವೈರಿಂಗ್‌ನಿಂದ ಏನಾದರೂ ಆದರೆ ಅವರು ಮೊದಲು ಕೇಳುವುದೇ ಇದನ್ನು.


ಬಣಕಲ್ ಜಿಪ್ಸಿ
ಜೂನ್ 22, ರಾತ್ರಿ 10:10

ತಡವಾಯಿತು, ಕ್ಷಮಿಸಿ. ತೋಟದಲ್ಲಿ ಗೊಬ್ಬರ ಹಾಕುವ ಕೆಲಸ, ಮಧ್ಯೆ ಕರೆಂಟೂ ಇರಲಿಲ್ಲ.

ಕೆಂಪು ವೈರಿನ ಇನ್ನೊಂದು ತುದಿ ಬ್ಯಾಟರಿಯಲ್ಲೇ ಇತ್ತು. ಪ್ಲಸ್‌ನಲ್ಲಿ. ಫ್ಯೂಸ್ ಇರಲಿಲ್ಲ. ತುಂಡಾದ ತುದಿಗೆ ಸುತ್ತಿದ್ದ ಟೇಪ್ ಅರ್ಧ ಬಿಚ್ಚಿತ್ತು. ನಾಲ್ಕು ವರ್ಷ ಅದರ ಪಕ್ಕದಲ್ಲೇ ಕಾಲಿಟ್ಟುಕೊಂಡು ಕೂತಿದ್ದಾಳೆ ಅಂತ ಹೆಂಡತಿಗೆ ಇನ್ನೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಅವಳು ಇಲ್ಲಿ ಬರುವುದಿಲ್ಲ ಅಂದುಕೊಂಡಿದ್ದೇನೆ.

ತೂತಿನ ಕೆಲಸಕ್ಕೇ ಎರಡು ದಿನ ಹಿಡಿಯಿತು. ಉಜ್ಜುವುದೇ ಅರ್ಧ ದಿನ. ಮರದ ತುಂಡಿನ ಉಪಾಯ ಒಳ್ಳೇದಾಯಿತು, ಸಿಲ್ವರ್ ಓಕ್ ತುಂಡು ಹಾಕಿದೆ. ಮೂಡಿಗೆರೆಯಲ್ಲಿ 20ರ ಗ್ರಾಮೆಟ್ ಸಿಗಲಿಲ್ಲ, ಚಿಕ್ಕಮಗಳೂರಿಗೆ ಹೋದೆ. ಅಲ್ಲೂ ಮೂರನೇ ಅಂಗಡಿಯಲ್ಲಿ ಸಿಕ್ಕಿತು. 25 ರೂಪಾಯಿ. ಪೆಟ್ರೋಲ್ ಲೆಕ್ಕ ಹಾಕಲಿಲ್ಲ.

ಒಳಗೆ ಬಂದಿದ್ದು ಎರಡೇ ವೈರ್, ನೀವು ಹೇಳಿದ ಹಾಗೆ. ಆಂಪ್ ಮಗನ ರೂಮಿನಲ್ಲಿದೆ. ಗಾಡಿಗೆ ಬ್ಲೂಟೂತ್ ಸ್ಪೀಕರ್ ಸಾಕು ಅಂತ ಒಪ್ಪಿದ, ಆ ಬನಿಯನ್ ಹಿಂಡಿದ್ದು ಅವನೇ ಆದ್ದರಿಂದ ಜಾಸ್ತಿ ವಾದ ಮಾಡಲಿಲ್ಲ.

ಮೊನ್ನೆ ಶನಿವಾರ ಬೆಳ್ತಂಗಡಿಗೆ ಹೋಗಿ ಬಂದೆವು. ವಾಪಸ್ ಬರುವಾಗ ರಾತ್ರಿ ಎಂಟೂವರೆ. ಘಾಟಿ ಅರ್ಧ ಹತ್ತಿದ ಮೇಲೆ ಮಂಜು. ಹೆಡ್‌ಲೈಟ್ ಡಿಮ್‌ಗೆ ಇಳಿಸಿ ಹಳದಿ ಹಾಕಿದೆ. ಬಹಳ ದೂರ ಏನೂ ಕಾಣುವುದಿಲ್ಲ, ಸುಳ್ಳು ಹೇಳಬಾರದು. ಆದರೆ ಬಂಪರಿಂದ ಒಂದು ಹದಿನೈದು ಅಡಿ ರಸ್ತೆ ಕಾಣುತ್ತದೆ, ಎಡ ಅಂಚಿನ ಬಿಳೀ ಗೆರೆ ಕಾಣುತ್ತದೆ. ಹೆಂಡತಿ ಗೆರೆ ಹೇಳುವುದು ಬಿಟ್ಟು ಮಲಗಿಬಿಟ್ಟಳು. ಎರಡನೇ ಗೇರಿನಲ್ಲೇ ಮೇಲೆ ಬಂದೆ.

ಒಂದೇ ತೊಂದರೆ ಸಾರ್. ಬಲಗಡೆ ಲ್ಯಾಂಪ್ ಗುಂಡಿಗೆ ಬಿದ್ದಾಗೆಲ್ಲ ಒಮ್ಮೆ ಮಿಣುಕುತ್ತದೆ. ಎಡಗಡೆಯದು ಇಲ್ಲ.


ಹಾಸನದ ವೈರ್‌ಮನ್
ಜೂನ್ 22, ರಾತ್ರಿ 11:30

ಅರ್ತ್ ಲೂಸ್. ಬಲಗಡೆ ಲ್ಯಾಂಪಿನ ಕರಿ ವೈರನ್ನು ಬಂಪರ್ ಬೋಲ್ಟಿಗೆ ಕೊಟ್ಟಿದ್ದೀರಾ? ಬಂಪರ್ ಪೇಂಟ್ ಕರೆಂಟ್ ಬಿಡುವುದಿಲ್ಲ. ವೈರಿನ ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಒತ್ತಿ ಕೂರಿಸಿ, ಚಾಸಿಸ್ಸಿನಲ್ಲಿ ಪೇಂಟ್ ಕೆರೆದು ಅಲ್ಲಿಗೆ ಕೊಡಿ, ಮೇಲೆ ಗ್ರೀಸ್ ಹಚ್ಚಿ. ಅದಕ್ಕೆ ತೂತು ಹೊಡೆಯಬೇಡಿ, ಅಲ್ಲಿ ಬೋಲ್ಟ್ ಇರುತ್ತದೆ.


ಬಣಕಲ್ ಜಿಪ್ಸಿ
ಜೂನ್ 23, ಬೆಳಗ್ಗೆ 6:05

ಬಂಪರ್ ಬೋಲ್ಟಿಗೇ ಕೊಟ್ಟಿದ್ದೆ ಸಾರ್. ಮಳೆ ಬಿಟ್ಟ ಮೇಲೆ ಮಾಡುತ್ತೇನೆ. ಹೆಂಡತಿ ಇದನ್ನು ಓದಿದ್ದಾಳೆ.